ಹೊಸ ಕ್ಲಚ್ಚು, ಹಳೆಯ ಕಾಲು

ಹಾಸನ

ಚಿ. ಪುಟ್ಟಿಗೆ,

ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅದು ಬಿಟ್ಟರೆ ಆರಾಮ. ನಿನ್ನೆ ರಾತ್ರಿ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ಆಫೀಸಿಗೆ ಹೊರಡುವ ಅವಸರದಲ್ಲಿರುತ್ತೀಯ, ನಾನು ಹೇಳಬೇಕಾದ್ದರಲ್ಲಿ ಅರ್ಧ ನುಂಗಿಕೊಳ್ಳುತ್ತೇನೆ. ಬರೆದರೆ ನಿಧಾನವಾಗಿ ಓದುತ್ತೀಯ ಅಂತ ಕೂತಿದ್ದೇನೆ. ಇದರ ಫೋಟೋ ತೆಗೆದು ದೊಡ್ಡಮ್ಮ ವಾಟ್ಸಾಪಿಗೆ ಹಾಕುತ್ತಾಳೆ.

ನಿನ್ನ ಮಾತಿನಿಂದ ನಾನು ತಿಳಿದುಕೊಂಡದ್ದು ಇಷ್ಟು. ನಿನ್ನ ಪೋರ್ಷೆ ಬಾಕ್ಸ್‌ಟರ್ ಕಾರಿಗೆ ಹೊಸ ಕ್ಲಚ್ ಹಾಕಿಸಿದ್ದೀಯ. ಪೆಡಲು ತೀರಾ ಹಗುರವಾಗಿದೆ, ಅರ್ಧ ಒತ್ತಿದ ಮೇಲೆ ತಾನಾಗಿಯೇ ಕೆಳಗಿಳಿದ ಹಾಗಿದೆ. ಹಿಡಿಯುವ ಜಾಗ ಎಲ್ಲೋ ತಳದಲ್ಲಿ ಹೋಗಿ ಕೂತಿದೆ. ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿ ಹಿಂದಿನವರು ಹಾರನ್ ಹೊಡೆದರು. ಇದು ನನ್ನ ಕಾರೇ ಅಲ್ಲ ಅನ್ನಿಸುತ್ತಿದೆ, ಶನಿವಾರ ಗ್ಯಾರೇಜಿಗೆ ಹೋಗಿ ಮೊದಲಿನ ಹಾಗೆ ಮಾಡಿಕೊಡಿ ಅಂತ ಕೇಳುತ್ತೇನೆ ಅಂದಿದ್ದೀಯ. ಕೊನೆಗೆ ನಿನ್ನ ದನಿ ಸಣ್ಣದಾಯಿತು. ಅದನ್ನು ಕೇಳಿ ನನಗೂ ಸಂಕಟವಾಯಿತು. ಇಷ್ಟಪಟ್ಟು, ದುಡ್ಡು ಕೂಡಿಟ್ಟು ತೆಗೆದುಕೊಂಡ ಗಾಡಿ. ಅಷ್ಟು ಯೂರೋ ಕೊಟ್ಟು ರಿಪೇರಿ ಮಾಡಿಸಿದ ಮೇಲೂ ಅದು ಪರಕೀಯವಾಗಿ ಕಂಡರೆ ಬೇಜಾರಾಗದೆ ಇರುತ್ತದೆಯೇ?

ಮೊದಲು ನಿನಗೆ ಒಂದು ವಿಷಯ ಹೇಳಬೇಕು. ನಾನೂ ದೊಡ್ಡಮ್ಮನೂ ನೀನಿರುವ ಸ್ಟುಟ್‌ಗಾರ್ಟಿಗೆ ಬಂದಿದ್ದಾಗ, ನೀನು ಒಂದು ಸಂಜೆ ಕಾರಿನ ಬೀಗದ ಕೈ ಕೊಟ್ಟು ಕೂತು ನೋಡಿ ದೊಡ್ಡಪ್ಪ ಅಂದೆಯಲ್ಲ, ಆಗ ನಾನು ಸುಮ್ಮನೆ ಕೂತಿರಲಿಲ್ಲ. ಕ್ಲಚ್ ಒತ್ತಿ ನೋಡಿದೆ. ಬಿಗಿಯಾಗಿತ್ತು. ಗೇರಿಗೆ ಹಾಕಿ ಒಂದೆರಡು ಮಾರು ಮುಂದೆ ಹಿಂದೆ ಬಿಟ್ಟಾಗ ಪೆಡಲು ಹೆಚ್ಚುಕಡಿಮೆ ಪೂರ್ತಿ ಮೇಲೆ ಬಂದ ಮೇಲೇ ಹಿಡಿಯಿತು. ಪ್ಲೇಟು ಕೊನೆಗಾಲಕ್ಕೆ ಬಂದಿದೆ ಅಂತ ಅವತ್ತೇ ಅನ್ನಿಸಿತು. ನೀನು ನೋಡಿದರೆ ಸ್ಪೋರ್ಟ್ಸ್ ಕಾರಿನ ಪೆಡಲು ಹೀಗೇ ಗಟ್ಟಿ ಇರಬೇಕು, ಅದೇ ಅದರ ಗತ್ತು ಅಂತ ಸಂಭ್ರಮದಿಂದ ಹೇಳುತ್ತಿದ್ದೆ. ದೊಡ್ಡಮ್ಮನಿಗೆ ಎಂಜಿನ್ನು ಯಾವ ಕಡೆ, ಡಿಕ್ಕಿ ಯಾವ ಕಡೆ ಅಂತ ತೋರಿಸುತ್ತಿದ್ದೆ. ಎಂಜಿನ್ನು ಬೆನ್ನ ಹಿಂದೆ ಇದೆ ಅಂದಾಗ ಅವಳು ತಿರುಗಿ ನೋಡಿದಳು.

ಆ ಪ್ರವಾಸ ನನಗೆ ಮರೆಯುವಂಥದ್ದಲ್ಲ. ತ್ಸುಫನ್‌ಹೌಸನ್ನಿನ ಪೋರ್ಷೆ ಮ್ಯೂಸಿಯಮ್ಮಿನಲ್ಲಿ ನಾನು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕಾಲು ನೋಯುವಷ್ಟು ನಿಂತೆ. ಮಾರನೆಯ ದಿನ ನೀನು ಫೋರ್ಟ್ಸ್‌ಹೈಮಿಗೆ ಕರೆದುಕೊಂಡು ಹೋಗಿ ಬರ್ತಾ ಬೆಂಜ್ ಕಥೆ ಹೇಳಿದೆ. 1888ರ ಆಗಸ್ಟಿನಲ್ಲಿ ಆ ಮಹಾತಾಯಿ ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಅಲ್ಲಿಯವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಮೂರು ಗಾಲಿಯ ಮೋಟಾರಿನಲ್ಲಿ ಬಂದಳು. ದಾರಿಯಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನ ಹತ್ತಿರ ಅದಕ್ಕೆ ಚರ್ಮ ಹೊಡೆಸಿಕೊಂಡಳು. ಜಗತ್ತಿನ ಮೊದಲ ಬ್ರೇಕ್ ಲೈನಿಂಗು ಅದೇ ಅಂತಾರೆ. ಮುಂದೆ ಬಂದ ಕಾರುಗಳ ಕ್ಲಚ್ಚಿಗೂ ಎಷ್ಟೋ ಕಾಲ ಚರ್ಮವನ್ನೇ ಹೊದಿಸುತ್ತಿದ್ದರು. ನನ್ನ ಕೆಲಸದ ಮೂಲ ಎಲ್ಲಿದೆ ಅಂತ ನನ್ನ ತಮ್ಮನ ಮಗಳು ನನಗೆ ತೋರಿಸಿದಳಲ್ಲ ಅಂತ ಹೆಮ್ಮೆಯಾಯಿತು. ಒಂದು ಮೇಲ್ಮೈ ಇನ್ನೊಂದನ್ನು ಹಿಡಿಯಬೇಕು, ಹಿಡಿಯುತ್ತಾ ತಾನು ಸವೆಯಬೇಕು. ಕ್ಲಚ್ಚು ಅಂದರೆ ಅಷ್ಟೇ.

ನೀನೂ ಈ ಕೆಲಸಕ್ಕೆ ಹೊಸಬಳಲ್ಲ. ಬಿ.ಎಂ. ರಸ್ತೆಯ ನಮ್ಮ ಗ್ಯಾರೇಜಿಗೆ ಸ್ಕೂಲು ಬಿಟ್ಟ ಮೇಲೆ ಬರುತ್ತಿದ್ದೆಯಲ್ಲ, ಆಗ ಬ್ರೇಕಿನ ಏರ್ ತೆಗೆಯುವುದಕ್ಕೆ ನನಗೆ ಯಾರಾದರೂ ಒಬ್ಬರು ಬೇಕಾಗುತ್ತಿತ್ತು. ಹುಡುಗರು ಚಹಾಕ್ಕೆ ಹೋಗಿರುತ್ತಿದ್ದರು. ನಿನ್ನನ್ನು ಡ್ರೈವರ್ ಸೀಟಿನ ಅಂಚಿನಲ್ಲಿ ಕೂರಿಸಿ, ನಾನು ಗಾಡಿಯಡಿ ಮಲಗಿ "ಒತ್ತು... ಒತ್ತು... ಹಿಡ್ಕೋ" ಅನ್ನುತ್ತಿದ್ದೆ. ನೀನು ಎರಡೂ ಕಾಲಿನಿಂದ ಒತ್ತಿ ಹಿಡಿಯುತ್ತಿದ್ದೆ. ನಾನು ನಿಪ್ಪಲ್ ಸಡಿಲಿಸಿದ ಕೂಡಲೇ ಪೆಡಲು ಕೆಳಗೆ ಜಾರುತ್ತಿತ್ತು, ನೀನು "ಹೋಯ್ತು ದೊಡ್ಡಪ್ಪಾ" ಅಂತ ಕೂಗುತ್ತಿದ್ದೆ. ಗಾಳಿ ಪೂರ್ತಿ ಹೋದ ಮೇಲೆ "ಈಗ ಗಟ್ಟಿಯಾಯ್ತು" ಅಂತ ನನಗಿಂತ ಮೊದಲು ನೀನೇ ಹೇಳುತ್ತಿದ್ದೆ. ಪೆಡಲಿನ ಭಾಷೆ ನಿನ್ನ ಕಾಲಿಗೆ ಆಗಲೇ ಗೊತ್ತಿತ್ತು. ಆ ನಂಬಿಕೆಯಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಕಲಿತದ್ದು ಅಂಬಾಸಡರಿನ ಕಾಲದಲ್ಲಿ. ಹಳೆಯ ಪ್ರೆಶರ್ ಪ್ಲೇಟುಗಳಲ್ಲಿ ಸುತ್ತಲೂ ಸಣ್ಣ ಸಣ್ಣ ಕಾಯಿಲ್ ಸ್ಪ್ರಿಂಗುಗಳಿರುತ್ತಿದ್ದವು, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಕೆಲಸ ಅವುಗಳದ್ದು. ಪ್ಲೇಟು ಸವೆದು ತೆಳುವಾದ ಹಾಗೆಲ್ಲ ಆ ಸ್ಪ್ರಿಂಗುಗಳು ಬಿಚ್ಚಿಕೊಳ್ಳುತ್ತಾ ಬಲ ಕಳೆದುಕೊಳ್ಳುತ್ತಿದ್ದವು. ಹಾಗಾಗಿ ಕ್ಲಚ್ ಮುದಿಯಾದಂತೆ ಪೆಡಲು ಹಗುರವಾಗುತ್ತಿತ್ತು, ಹೊಸದು ಹಾಕಿದರೆ ಗಟ್ಟಿಯಾಗುತ್ತಿತ್ತು. ನಿನ್ನ ಕಾರಿನಲ್ಲಿ ಇರುವುದು ಡಯಾಫ್ರಾಮ್ ಸ್ಪ್ರಿಂಗು. ಉಕ್ಕಿನ ತಟ್ಟೆಯೊಂದನ್ನು ನಡುವಿನ ಕಡೆಗೆ ಸೀಳು ಸೀಳಾಗಿ ಕೊರೆದು ಮಾಡಿದ ಒಂದೇ ಸ್ಪ್ರಿಂಗು. ಆ ಸೀಳುಗಳ ನಡುವಿನ ನಾಲಗೆಗಳನ್ನು ನಾವು ಬೆರಳು ಅನ್ನುತ್ತೇವೆ, ಪೆಡಲು ಒತ್ತಿದಾಗ ರಿಲೀಸ್ ಬೇರಿಂಗು ಬಂದು ಒತ್ತುವುದು ಅವುಗಳ ತುದಿಗೆ. ಇದರ ಸ್ವಭಾವ ಕಾಯಿಲ್ ಸ್ಪ್ರಿಂಗಿಗೆ ತಿರುಗುಮುರುಗು. ಪ್ಲೇಟು ಸವೆದಂತೆ ಪ್ರೆಶರ್ ಪ್ಲೇಟು ಫ್ಲೈವೀಲಿನ ಕಡೆ ಸರಿಯುತ್ತದೆ, ಬೆರಳುಗಳು ಗೇರ್‌ಬಾಕ್ಸಿನ ಕಡೆ ಎದ್ದು ನಿಲ್ಲುತ್ತವೆ, ಆ ಭಂಗಿಯಲ್ಲಿ ಅವನ್ನು ಒತ್ತಲು ಮೊದಲಿಗಿಂತ ಹೆಚ್ಚು ಬಲ ಬೇಕು. ಅಂದರೆ ಹಳತಾದಷ್ಟೂ ಪೆಡಲು ಬಿಗಿ, ಹೊಸದಾದರೆ ಹಗುರ. ಈ ಮಾದರಿಯ ಗಾಡಿಗಳು ನಮ್ಮ ಗ್ಯಾರೇಜಿಗೆ ಬರತೊಡಗಿದಾಗ ನಾನೂ ನನ್ನ ಕಾಲಿಗೆ ಈ ಲೆಕ್ಕ ಹೊಸದಾಗಿ ಕಲಿಸಬೇಕಾಯಿತು.

ಬಿಗಿಯಾಗಲು ಅದೊಂದೇ ಕಾರಣ ಅಲ್ಲ. ರಿಲೀಸ್ ಬೇರಿಂಗು ಹಿಂದೆ ಮುಂದೆ ಜಾರುವ ಕೊಳವೆ ಸವೆದು ಗೀರುಬಿದ್ದಿರುತ್ತದೆ. ಆ ಬೇರಿಂಗನ್ನು ತಳ್ಳುವ ಫೋರ್ಕು ಆಡುವ ಗುಂಡಿಯಲ್ಲಿ ಗ್ರೀಸು ಒಣಗಿ ಹೋಗಿರುತ್ತದೆ. ನೀನು ಕಳಿಸಿದ ಬಿಲ್ಲಿನ ಫೋಟೋವನ್ನು ದೊಡ್ಡದು ಮಾಡಿ, ಜರ್ಮನ್ ಹೆಸರುಗಳ ಪಕ್ಕ ನೀನು ಬರೆದ ಅರ್ಥ ನೋಡಿಕೊಂಡು ಓದಿದೆ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಆ ಕೊಳವೆ, ಎಂಜಿನ್ನಿನ ಹಿಂದಿನ ಆಯಿಲ್ ಸೀಲು, ಎಲ್ಲ ಹಾಕಿದ್ದಾರೆ. ಗೇರ್‌ಬಾಕ್ಸ್ ಇಳಿಸಿದಾಗ ಮಾಡಬೇಕಾದ್ದೇ ಅದು. ಆ ಸೀಲು ಸೋರಿದರೆ ಆಯಿಲ್ಲು ಹೊಸ ಪ್ಲೇಟಿನ ಮೇಲೆ ಬಿದ್ದು ಕ್ಲಚ್ಚು ಅದುರಲು ಶುರುವಾಗುತ್ತದೆ. ಅದನ್ನೂ ಯೋಚಿಸಿದ ಕೈ ಕೆಟ್ಟ ಕೈಯಲ್ಲ, ಪುಟ್ಟಿ. ಬಿಲ್ಲು ನೋಡಿದ ಮೇಲೆ ನನ್ನ ಆತಂಕ ಅರ್ಧ ಇಳಿಯಿತು.

ಇನ್ನು ಪೆಡಲು ತಾನಾಗಿಯೇ ಇಳಿದಂತಾಗುವುದು. ಬಾಕ್ಸ್‌ಟರಿನಲ್ಲಿ ಪೆಡಲಿನ ಬುಡದಲ್ಲೇ ಒಂದು ಸಹಾಯದ ಸ್ಪ್ರಿಂಗಿದೆ. ಆರಂಭದಲ್ಲಿ ಅದು ಪೆಡಲನ್ನು ಮೇಲೆ ಹಿಡಿದಿರುತ್ತದೆ, ಒಂದು ಹಂತ ದಾಟಿದ ಮೇಲೆ ಅದೇ ನಿನ್ನ ಕಾಲಿನ ಜೊತೆ ಸೇರಿ ಕೆಳಗೆ ತಳ್ಳುತ್ತದೆ. ಮೊದಲು ಕ್ಲಚ್ಚಿನ ಕಡೆಯಿಂದ ಎದುರು ಬರುತ್ತಿದ್ದ ಬಲ ಅಷ್ಟಿದ್ದುದರಿಂದ ಆ ಸ್ಪ್ರಿಂಗು ಮಾಡುತ್ತಿದ್ದ ಉಪಕಾರ ನಿನಗೆ ಗೊತ್ತಾಗುತ್ತಿರಲಿಲ್ಲ. ಈಗ ಎದುರಿನ ಬಲ ಕಡಿಮೆಯಾಗಿದೆ, ಸಹಾಯ ಮಾತ್ರ ಅಷ್ಟೇ ಇದೆ. ಅದಕ್ಕೇ ಅರ್ಧ ದಾರಿಯ ಮೇಲೆ ಕಾಲು ಜಾರಿದಂತಾಗುತ್ತದೆ.

ಸಿಗ್ನಲ್ಲಿನಲ್ಲಿ ಆಫ್ ಆದದ್ದೂ ಇದಕ್ಕೆ ಸೇರಿದ್ದೇ. ಸವೆದ ಕ್ಲಚ್ಚು ಮೇಲೆ ಹಿಡಿಯುತ್ತಿತ್ತು. ಹಾಗಾಗಿ ಕೆಳಗಿನ ಅರ್ಧ ದಾರಿಯಲ್ಲಿ ನಿನ್ನ ಕಾಲು ಸರ್ರನೆ ಎದ್ದುಬರುವುದು, ಮೇಲಿನ ಅರ್ಧದಲ್ಲಿ ಮಾತ್ರ ಜೋಪಾನ ಮಾಡುವುದು ಅಂತ ರೂಢಿಯಾಗಿಬಿಟ್ಟಿದೆ. ಹೊಸ ಕ್ಲಚ್ಚು ಕೆಳಗೇ ಹಿಡಿಯುತ್ತದೆ. ನೀನು ಅಜಾಗರೂಕತೆಯಿಂದ ಬಿಡುವ ಜಾಗದಲ್ಲೇ ಅದು ಗಟ್ಟಿಯಾಗಿ ಹಿಡಿದುಬಿಟ್ಟಿತು, ಎಂಜಿನ್ನು ನಿಂತಿತು. ಗಾಡಿಯ ದೋಷ ಅದರಲ್ಲಿ ನನಗೆ ಕಾಣುವುದಿಲ್ಲ.

ಇಂಥದ್ದೇ ಒಂದು ಅನುಭವ ನನಗೂ ಆಗಿತ್ತು. ಹೋದ ವರ್ಷ ನನ್ನ ಬಲಗಣ್ಣಿನ ಪೊರೆ ತೆಗೆಸಿದೆವಲ್ಲ. ಪಟ್ಟಿ ಬಿಚ್ಚಿದ ದಿನ ನಮ್ಮ ಹಜಾರದ ಗೋಡೆ ನೀಲಿ ನೀಲಿಯಾಗಿ ಕಂಡಿತು. ಯಾವಾಗ ಸುಣ್ಣ ಹೊಡೆಸಿದೆ ಅಂತ ದೊಡ್ಡಮ್ಮನನ್ನು ಕೇಳಿದೆ. ಯಾರೂ ಹೊಡೆಸಿರಲಿಲ್ಲ. ಗೋಡೆ ಮೊದಲಿನಿಂದಲೂ ಅಚ್ಚ ಬಿಳಿ. ವರ್ಷಗಟ್ಟಲೆ ಹಳದಿಗಟ್ಟಿದ ಪೊರೆಯಲ್ಲಿ ನೋಡಿ ನೋಡಿ, ಆ ಹಳದಿಯೇ ಬಿಳಿ ಅಂತ ನಾನು ಒಪ್ಪಿಕೊಂಡಿದ್ದೆ. ಡಾಕ್ಟರು ಕೆಲವು ದಿನ ಹೀಗಿರುತ್ತೆ, ಕಣ್ಣು ಹೊಂದಿಕೊಳ್ಳುತ್ತೆ ಅಂದರು, ಹಾಗೇ ಆಯಿತು. ನಿನ್ನ ಕಾಲಿಗೂ ಈಗ ಅದೇ ಆಗಿದೆ. ಕ್ಲಚ್ಚು ಒಂದೇ ದಿನದಲ್ಲಿ ಬಿಗಿಯಾಗಿದ್ದರೆ ನೀನು ಅವತ್ತೇ ಗ್ಯಾರೇಜಿಗೆ ಓಡುತ್ತಿದ್ದೆ. ಅದು ದಿನಕ್ಕೆ ಕೂದಲೆಳೆಯಷ್ಟು ಬಿಗಿಯಾಯಿತು, ದಿನಕ್ಕೆ ಕೂದಲೆಳೆಯಷ್ಟು ಮೇಲೆ ಹಿಡಿಯಿತು, ನಿನ್ನ ಕಾಲು ದೂರು ಹೇಳದೆ ಹೊಂದಿಕೊಂಡಿತು. ನೀನು ಆ ಕಾರನ್ನು ಕೊಂಡಾಗಲೇ ಅದರ ಕ್ಲಚ್ಚು ಅರ್ಧ ಮುಗಿದಿತ್ತು ಅಂತ ನನ್ನ ಅಂದಾಜು. ಆ ಕಾರಿನ ಸರಿಯಾದ ಪೆಡಲನ್ನು ನೀನು ಈಗಲೇ ಮೊದಲ ಸಲ ತುಳಿಯುತ್ತಿರುವುದು.

ಅದಕ್ಕೇ ಶನಿವಾರ ಹೋಗಿ ಮೊದಲಿನ ಹಾಗೆ ಮಾಡಿಕೊಡಿ ಅಂತ ಮಾತ್ರ ಕೇಳಬೇಡ. ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಬಹಳ ಹಿಂದೆ ಒಬ್ಬ ಮೇಷ್ಟರು ಮಾರುತಿ 800 ತಂದಿದ್ದರು. ಹೊಸ ಕ್ಲಚ್ ಹಾಕಿ ಕೊಟ್ಟೆ. ಎರಡೇ ದಿನಕ್ಕೆ ವಾಪಸು ಬಂದು, ಪೆಡಲು ಕೆಳಗೆ ಹಿಡಿಯುತ್ತೆ, ನನಗೆ ಹಳೆಯ ಜಾಗದಲ್ಲೇ ಹಿಡಿಯಬೇಕು ಅಂದರು. ಅದು ಕೇಬಲ್ ಕ್ಲಚ್ಚು, ನಟ್ಟು ತಿರುಗಿಸಿದರೆ ಹಿಡಿಯುವ ಜಾಗ ಮೇಲೆ ಬರುತ್ತದೆ. ಗಿರಾಕಿಯ ಮನಸ್ಸು ನೋಯಿಸಬಾರದು ಅಂತ ಪೆಡಲಿನ ಫ್ರೀ ಪ್ಲೇ, ಅಂದರೆ ಬಿಡುವು, ಪೂರ್ತಿ ತೆಗೆದು ಕೊಟ್ಟೆ. ಅವರು ಖುಷಿಯಾಗಿ ಹೋದರು. ಬಿಡುವೇ ಇಲ್ಲದ ಮೇಲೆ ಬೇರಿಂಗು ಸದಾ ಸ್ಪ್ರಿಂಗಿನ ಬೆರಳಿಗೆ ಅಂಟಿಕೊಂಡೇ ತಿರುಗಿತು, ಪ್ಲೇಟು ಪೂರ್ತಿ ಹಿಡಿಯದೆ ಸ್ಲಿಪ್ಪಾಯಿತು. ಶಿರಾಡಿ ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂದು ಗಾಡಿ ಸಕಲೇಶಪುರ ಮುಟ್ಟಲಿಲ್ಲ. ನನ್ನದೇ ಖರ್ಚಿನಲ್ಲಿ ಮತ್ತೆ ಹೊಸ ಕ್ಲಚ್ ಹಾಕಿಕೊಟ್ಟೆ. ತಪ್ಪು ನನ್ನದು. ಅವರಿಗೆ ನಾಲ್ಕು ದಿನ ಓಡಿಸಿ ನೋಡಿ ಮೇಷ್ಟ್ರೇ ಅಂತ ಹೇಳುವುದು ನನ್ನ ಕೆಲಸವಾಗಿತ್ತು, ಹೇಳಲಿಲ್ಲ.

ನಿನ್ನದರಲ್ಲಿ ಕೇಬಲ್ಲಿಲ್ಲ, ಹೈಡ್ರಾಲಿಕ್ಕು. ತಿರುಗಿಸುವ ನಟ್ಟೂ ಅಲ್ಲಿಲ್ಲ. ಆದರೆ ಗಟ್ಟಿ ಪೆಡಲು ಬೇಕು ಅಂದರೆ ರೇಸಿನವರು ಹಾಕುವ ಭಾರದ ಪ್ರೆಶರ್ ಪ್ಲೇಟು ಮಾರುವವರು ಆ ಊರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಿನ್ನ 2.7 ಲೀಟರಿನ ಎಂಜಿನ್ನಿಗೆ ಅದರ ಅಗತ್ಯ ಸ್ವಲ್ಪವೂ ಇಲ್ಲ. ದಿನಾ ಟ್ರಾಫಿಕ್ಕಿನಲ್ಲಿ ಹೋಗುವ ನಿನ್ನ ಮಂಡಿಗೆ ಅದು ಶಿಕ್ಷೆ.

ಹಾಗಂತ ಎಲ್ಲವನ್ನೂ ಒಪ್ಪಿಕೋ ಅನ್ನುತ್ತಿಲ್ಲ. ನನಗೆ ಉಳಿದಿರುವ ಅರ್ಧ ಆತಂಕ ಇಲ್ಲಿದೆ. ಹಗುರ ಪೆಡಲು ಬೇರೆ, ಟೊಳ್ಳು ಪೆಡಲು ಬೇರೆ. ನಿನ್ನ ಕಾರಿನಲ್ಲಿ ಪೆಡಲು ಮುಂದೆ, ಕ್ಲಚ್ಚು ಎಂಜಿನ್ನಿನ ಹಿಂದೆ. ನಡುವೆ ಗಾಡಿಯ ಉದ್ದಕ್ಕೂ ಪೈಪು ಹೋಗಿದೆ. ಗೇರ್‌ಬಾಕ್ಸ್ ಇಳಿಸುವಾಗ ಆ ಪೈಪಿನ ತುದಿಯ ಸ್ಲೇವ್ ಸಿಲಿಂಡರ್ ಬಿಚ್ಚಿರುತ್ತಾರೆ. ಅಷ್ಟುದ್ದ ಪೈಪಿನಲ್ಲಿ ಒಂದಿಷ್ಟು ಗಾಳಿ ಉಳಿದರೂ ಪೆಡಲು ಮೆತ್ತಗಾಗುತ್ತದೆ. ಆಯಿಲ್ಲು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ನೀನು ಒತ್ತಿದ್ದರಲ್ಲಿ ಒಂದು ಪಾಲು ಗಾಳಿಯನ್ನು ಹಿಂಡುವುದಕ್ಕೇ ಹೋಗುತ್ತದೆ. ಆಗಲೂ ಕ್ಲಚ್ಚು ತಳದಲ್ಲೇ ಹಿಡಿಯುತ್ತದೆ. ನಿನ್ನ ಪೆಡಲಿನದು ಗಾಳಿಯ ತೊಂದರೆಯೋ, ಅಥವಾ ಬರೀ ಹೊಸತನವೋ ಅಂತ ನೀನೇ ನೋಡಬಹುದು.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ಚನ್ನು ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡು ತಡೆದು ರಿವರ್ಸಿಗೆ ಹಾಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿದೆ. ಕರಕರ ಅಂದರೆ ಬಿಡುತ್ತಿಲ್ಲ. ಆಮೇಲೆ ಪೆಡಲನ್ನು ನಾಲ್ಕಾರು ಸಲ ಬೇಗ ಬೇಗ ತುಳಿದು ನೋಡು. ತುಳಿದಂತೆ ಹಿಡಿಯುವ ಜಾಗ ಮೇಲೇರಿದರೆ ಗಾಳಿ ಇದೆ ಅಂತಲೇ ಲೆಕ್ಕ. ಒತ್ತಿ ಹಿಡಿದ ಪೆಡಲು ಮೆಲ್ಲಗೆ ಜಗ್ಗಿದರೆ, ಇಲ್ಲವೇ ಕಾಲು ತೆಗೆದ ಮೇಲೂ ನೆಲದಲ್ಲೇ ಕೂತರೆ, ಅದನ್ನು ಓಡಿಸಿ ನೋಡೋಣ ಅನ್ನಬೇಡ, ಗ್ಯಾರೇಜಿಗೆ ಫೋನ್ ಮಾಡು. ಮುಂದಿನ ಡಿಕ್ಕಿ ತೆಗೆದು ಬ್ರೇಕ್ ಆಯಿಲ್ಲಿನ ಡಬ್ಬಿಯ ಮಟ್ಟವನ್ನೂ ನೋಡು. ನಿನ್ನ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಮಟ್ಟ ಇಳಿಯುತ್ತಿದ್ದರೆ ಅದು ಬ್ರೇಕಿನ ವಿಷಯವೂ ಆಯಿತು, ಆಟೋಬಾನಿನಲ್ಲಿ ಹೋಗುವವಳು ನೀನು. ಅಲ್ಲಿಯ ವೇಗ ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಆ ಆಯಿಲ್ಲು ಗಾಳಿಯ ತೇವ ಹೀರಿಕೊಳ್ಳುತ್ತದೆ, 2 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಈ ಸಲ ಪೂರ್ತಿ ಬದಲಾಯಿಸಿದರೋ, ಬರೀ ಮೇಲೆ ತುಂಬಿಸಿದರೋ ಅಂತ ಕೇಳಿಕೋ. ಬಿಲ್ಲಿನಲ್ಲಿ ಅದು ನನಗೆ ಕಾಣಲಿಲ್ಲ.

ಇವೆಲ್ಲ ಸರಿಯಿದ್ದರೆ, ಉಳಿದದ್ದು ನಿನ್ನ ಕಾಲಿಗೆ ಬಿಟ್ಟದ್ದು. ಹೊಸ ಪ್ಲೇಟು ಫ್ಲೈವೀಲಿನ ಮೇಲೆ ಕೂರಲು ಸುಮಾರು 500ರಿಂದ 800 ಕಿಲೋಮೀಟರು ಬೇಕು. ಅದೂ ಊರೊಳಗೆ ನಿಂತು ಹೊರಟು ಓಡಿಸಿದ್ದು. ಆಟೋಬಾನಿನಲ್ಲಿ ಒಂದೇ ಗೇರಿನಲ್ಲಿ ಹೋದರೆ ಕ್ಲಚ್ಚಿಗೆ ಕೆಲಸವೇ ಇಲ್ಲ, ಆ ದೂರ ಲೆಕ್ಕಕ್ಕಿಲ್ಲ. ಅಷ್ಟು ದಿನ ಜೋರಾಗಿ ಎಳೆಯಬೇಡ, ಆಕ್ಸಿಲರೇಟರ್ ತುಳಿದು ಕ್ಲಚ್ಚನ್ನು ಒಮ್ಮೆಲೇ ಬಿಡಬೇಡ. ಮೊದಮೊದಲು ಸಣ್ಣ ಅದುರು, ಸ್ವಲ್ಪ ವಾಸನೆ ಬಂದರೆ ಹೆದರಬೇಡ, ಕಡಿಮೆಯಾಗುತ್ತಾ ಹೋಗಬೇಕು ಅಷ್ಟೇ. ನೀನಿರುವ ಊರು ಕುಳಿಯೊಳಗಿದೆ, ಸುತ್ತ ಏರು. ನೋಯೆ ವೈನ್‌ಸ್ಟೈಗೆ ರಸ್ತೆಯಲ್ಲಿ ಟ್ರಾಫಿಕ್ ನಿಂತಾಗ ನೀನು ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅತಿಥಿಯಾಗಿ ಬಂದವನು, ಆಗ ಬಾಯಿಬಿಡಲಿಲ್ಲ. ಈಗ ಹೇಳುತ್ತೇನೆ, ಇನ್ನು ಮೇಲೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲು. ಹಳೆಯ ಪ್ಲೇಟು ಬೇಗ ಸವೆದದ್ದರಲ್ಲಿ ಆ ಏರಿನ ಪಾಲು ದೊಡ್ಡದು.

ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಜಾಗಕ್ಕೆ ಹೋಗು. ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ಚನ್ನು ತಳದಿಂದ ಮೆಲ್ಲಗೆ ಬಿಡುತ್ತಾ ಗಾಡಿ ಉಸಿರಾಡಿ ಮುಂದೆ ಸರಿಯುವ ಜಾಗ ಹುಡುಕು. ಸಿಕ್ಕ ಮೇಲೆ ಮತ್ತೆ ಒತ್ತು, ಮತ್ತೆ ಹುಡುಕು. ಹಿಮ್ಮಡಿ ನೆಲದ ಮೇಲಿರಲಿ, ತೆಳು ಅಟ್ಟೆಯ ಬೂಟು ಹಾಕಿಕೋ. ಕಾಲಿಗೆ ಹೊಸ ಜಾಗ ಗೊತ್ತಾಗುವವರೆಗೆ ಸಿಗ್ನಲ್ಲಿನಲ್ಲಿ ಹಾರನ್ ಹೊಡೆದವರ ಕಡೆ ಗಮನ ಕೊಡಬೇಡ.

ಶನಿವಾರ ಗ್ಯಾರೇಜಿಗೆ ಹೋಗುವುದಾದರೆ ಜಗಳಕ್ಕೆ ಹೋಗಬೇಡ, ಮೂರು ಪ್ರಶ್ನೆ ತೆಗೆದುಕೊಂಡು ಹೋಗು: ಏರ್ ಹೇಗೆ ತೆಗೆದಿರಿ, ಆಯಿಲ್ಲು ಪೂರ್ತಿ ಬದಲಾಯಿಸಿದಿರಾ, ಫ್ಲೈವೀಲಿನಲ್ಲಿ ಸಡಿಲ ಎಷ್ಟಿದೆ ಅಂತ ಅಳೆದು ನೋಡಿದಿರಾ. ಅವರು ಏನು ಹೇಳಿದರು ಅಂತ ನನಗೆ ಹಾಗೇ ಬರೆದು ಕಳಿಸು. ರಿವರ್ಸ್ ಗೇರಿನ ಪರೀಕ್ಷೆಯನ್ನು ಮಾತ್ರ ಶನಿವಾರದವರೆಗೆ ಮುಂದೂಡಬೇಡ, ನಾಳೆ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲೇ ಮಾಡಿ ನನಗೆ ಫೋನ್ ಮಾಡು. ಕಾಯುತ್ತಿರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ